ಸೊಪ್ಪು ಬಿಟ್ಟ ನೇಕಾರ

“ಅಜ್ಜಾ, ಹರಕೆ ಹೊತ್ತು ಒಂದು ಪದಾರ್ಥವನ್ನು ಬಿಟ್ಟರೆ ದೇವರು ನಿಜವಾಗಿಯೂ ವರ ಕೊಡುತ್ತಾನೆಯೇ?” ಎಂದು ಶಿಷ್ಯ ಗುರುಪಾದ ಕೇಳಿದ. ಪ್ರಶ್ನೆ ಕೇಳುವುದರಲ್ಲಿ ಅವನು ಗಟ್ಟಿಗ. ಒಂದಕ್ಕೆ ಉತ್ತರ ಸಿಗುವ ಮೊದಲೇ ಇನ್ನೊಂದು ಅವನ ತುದಿನಾಲಗೆಯಲ್ಲಿ ಕಾದಿರುತ್ತಿತ್ತು. ಗುರುಗಳು ನಕ್ಕು, ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ರೇಷ್ಮೆ ಸೀರೆ ನೇಯುವುದರಲ್ಲಿ ಅವನದು ಎತ್ತಿದ ಕೈ. ಮಗ್ಗದ ಕುಣಿಗೆ ಇಳಿದನೆಂದರೆ ಊಟಕ್ಕೂ ಮೇಲೇಳುತ್ತಿರಲಿಲ್ಲ. ಹೆಂಡತಿ ತಂದಿಟ್ಟ ರೊಟ್ಟಿಯನ್ನು ಒಣ ಪುಟಾಣಿ ಚಟ್ನಿಪುಡಿಯ ಜೊತೆ ಕೂತಲ್ಲೇ ತಿಂದು, ಕೈ ಕೊಡವಿ, ಮತ್ತೆ ಲಾಳಿ ಹಿಡಿಯುತ್ತಿದ್ದ. ಪಲ್ಯ ಮುಟ್ಟಿದರೆ ಬೆರಳಿನ ಎಣ್ಣೆ ರೇಷ್ಮೆಗೆ ಕಲೆಯಾಗುತ್ತದೆ ಎನ್ನುತ್ತಿದ್ದ. ಅದು ಸುಳ್ಳೇನಲ್ಲ. ಆದರೆ ಸೊಪ್ಪು ಕಂಡರೆ ಅವನಿಗೆ ಆಗುತ್ತಿರಲಿಲ್ಲ ಎಂಬುದು ಅದಕ್ಕಿಂತ ನಿಜ.

ವರ್ಷಗಳು ಹೀಗೇ ಕಳೆದವು. ಆಮೇಲೆ ಅವನಿಗೆ ಮುಚ್ಚಂಜೆಯ ಹೊತ್ತು ಕಣ್ಣು ಕಾಣದಾಯಿತು. ಹಗಲೆಲ್ಲ ಸರಿ. ಹೊತ್ತು ಮುಳುಗಿದರೆ ಎದುರಿಗಿದ್ದ ನೀರಿನ ತಂಬಿಗೆಯನ್ನೂ ತಡವಿ ಹುಡುಕಬೇಕು. ದೀಪ ಹಚ್ಚಿಟ್ಟರೂ ಎಳೆ ಕಾಣದು. ನಾಳೆ ಹಗಲೂ ಹೀಗೇ ಆಗಿಬಿಟ್ಟರೆ ಎಂದು ಅವನು ಹೆದರಿದ. ಕಣ್ಣು ಹೋದ ನೇಕಾರನಿಗೆ ಉಳಿಯುವುದಾದರೂ ಏನು?

ಅವನು ಕುಲದೇವತೆ ಬನಶಂಕರಿಯ ಗುಡಿಗೆ ಓಡಿದ. ಕಷ್ಟ ಬಂದಾಗ ಪ್ರೀತಿಯ ಪದಾರ್ಥವೊಂದನ್ನು ಬಿಡುತ್ತೇನೆಂದು ಹರಕೆ ಹೊರುವುದು ಅವನ ಮನೆತನದ ವಾಡಿಕೆ. ಗರ್ಭಗುಡಿಯ ಮುಂದೆ ನಿಂತು ನೇಕಾರ ಸ್ವಲ್ಪ ಯೋಚಿಸಿದ. ಆಮೇಲೆ, “ಅವ್ವಾ ತಾಯಿ, ನನ್ನ ಕಣ್ಣು ಉಳಸು. ಇವತ್ತಿನಿಂದ ತಪ್ಪಲಪಲ್ಯ ಬಿಟ್ಟೇನಿ” ಎಂದು ಅಡ್ಡಬಿದ್ದ. ಯಾವ ಸೊಪ್ಪಿನ ಪಲ್ಯವನ್ನೂ ಅವನು ತಿನ್ನುತ್ತಲೇ ಇರಲಿಲ್ಲವಲ್ಲ! ದೇವರ ಹತ್ತಿರವೂ ಚೌಕಾಸಿ ಮಾಡಿ, ಗೆದ್ದವನಂತೆ ಮನೆಗೆ ಬಂದ.

ಕಣ್ಣು ಇನ್ನಷ್ಟು ಮಂಜಾಯಿತು. ಒಂದು ಸಂಜೆ ತನ್ನದೇ ಮನೆಯ ಹೊಸ್ತಿಲು ಎಡವಿ ಬಿದ್ದ. ಎತ್ತಿ ಕೂರಿಸಿದ ಹೆಂಡತಿಯ ಮುಂದೆ ಹರಕೆಯ ಸಂಗತಿ ಬಾಯಿಬಿಟ್ಟ. ಅವಳು ಹಣೆ ಚಚ್ಚಿಕೊಂಡಳು.

“ಎಂಥಾ ಕೆಲಸ ಮಾಡಿದ್ರಿ! ಆಕಿ ಶಾಕಂಬರಿ ಅದಾಳ. ಜಗತ್ತಿಗೆಲ್ಲ ಕಾಯಿಪಲ್ಲೆ, ತಪ್ಪಲ ಕೊಟ್ಟಾಕಿ. ಆಕಿ ಕೊಟ್ಟದ್ದನ್ನ ಆಕಿ ಮುಂದನ ನಿಂತು ಒಲ್ಲೆ ಅಂದ್ರಾ?”

“ಈಗ ಏನ್ ಮಾಡ್ಲಿ?” ನೇಕಾರ ಕೇಳಿದ.

“ತಪ್ಪಾತು ಅನ್ರಿ. ಜೀವಕ್ಕಿಂತ ಹೆಚ್ಚು ಮಾಡ್ಕೊಂಡೀರಲ್ಲ, ಆ ಚಟ್ನಿಪುಡಿ ಬಿಡ್ರಿ.”

ಮರುದಿನ ಗುಡಿಗೆ ಹೋಗಿ ಗಲ್ಲ ಬಡಿದುಕೊಂಡು, ಹಳೆಯ ಹರಕೆ ಹಿಂತೆಗೆದುಕೊಂಡು, ಚಟ್ನಿಪುಡಿ ಬಿಡುವ ಹರಕೆ ಹೊತ್ತ. ಆದರೆ ರೊಟ್ಟಿಗೆ ನೆಂಚಿಕೊಳ್ಳಲು ಏನಾದರೂ ಬೇಕಲ್ಲ? ಅದು ಬೇಸಿಗೆ. ಹಿತ್ತಲಲ್ಲಿ ಹಸಿರಾಗಿದ್ದದ್ದು ನುಗ್ಗೆಗಿಡ ಒಂದೇ. ಹೆಂಡತಿ ದಿನವೂ ಅದರ ಎಳೆಸೊಪ್ಪು ಕಿತ್ತು, ಸೋಸಿ, ಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ಅವನು ಮುಖ ಸಿಂಡರಿಸಿಕೊಂಡು ತಿಂದ. ಕುಣಿಯಿಂದ ಎದ್ದು ಬಂದು ತಿನ್ನಬೇಕು, ಸೀಗೆಪುಡಿ ಹಚ್ಚಿ ಕೈ ತೊಳೆಯಬೇಕು, ಮತ್ತೆ ಇಳಿಯಬೇಕು. ಕೆಲಸ ಹಿಂದೆ ಬಿತ್ತು. ದಿನ ಕಳೆದಂತೆ ನಾಲಗೆ ಮಾತ್ರ ಸೊಪ್ಪಿಗೆ ಒಗ್ಗಿಕೊಂಡಿತು.

ಒಂದು ಸಂಜೆ ಅವನು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ಹೊತ್ತು ಮುಳುಗಿತು. ಇನ್ನೇನು ಎಲ್ಲ ಮುಚ್ಚಿಹೋಗುತ್ತದೆ ಎಂದು ರೂಢಿಯಂತೆ ಗೋಡೆ ಹಿಡಿದುಕೊಂಡ. ಏನೂ ಮುಚ್ಚಿಹೋಗಲಿಲ್ಲ. ನುಗ್ಗೆಯ ಪುಟ್ಟ ಎಲೆಗಳು ಒಂದೊಂದಾಗಿ ಕಂಡವು. ಅವುಗಳ ಸಂದಿಯಲ್ಲಿ ಚುಕ್ಕಿ ಕಂಡಿತು. ಒಲೆಯ ಮುಂದೆ ಕೂತಿದ್ದ ಹೆಂಡತಿಯ ಮೂಗುತಿ ಕಂಡಿತು. ನೇಕಾರ ಬೆರಗಾಗಿಹೋದ. ದಿನವೆಲ್ಲ ಬಿಸಿಲು ಕುಡಿದ ಎಲೆ ಅವನ ಹೊಟ್ಟೆಗೆ ಇಳಿದು, ಅಲ್ಲಿಂದ ಕಣ್ಣಿಗೆ ಏರಿ, ಬೆಳಕಾಗಿ ಕೂತಿತ್ತು. ತಾನು ವರ್ಷಗಟ್ಟಲೆ ತಟ್ಟೆಯಿಂದ ಆಚೆ ಸರಿಸಿದ್ದ ಸೊಪ್ಪಿನೊಳಗೆ ಇಷ್ಟು ದೊಡ್ಡ ಬೆಳಕು ಇತ್ತೇ! ಅವನು ಗಿಡಕ್ಕೆ ಕೈಮುಗಿದ. ಗುಡಿಯ ದಿಕ್ಕಿಗೂ ಕೈಮುಗಿದ. ಹೆಂಡತಿ ಊಟಕ್ಕೆ ಕರೆದಳು. ಅವನು ಅಲ್ಲಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ತಡೆಯಲಾಗಲಿಲ್ಲ.

“ಹಾಗಾದರೆ ಅಜ್ಜಾ, ಅವನಿಗೆ ಕಣ್ಣು ಕೊಟ್ಟದ್ದು ಬನಶಂಕರಿಯೋ, ನುಗ್ಗೆಸೊಪ್ಪೋ?”

ಗುರುಗಳು ಹೇಳಿದರು: “ಅವನು ಆ ಪ್ರಶ್ನೆ ಕೇಳಲಿಲ್ಲ; ನೋಡುತ್ತ ಕೂತಿದ್ದ.”