ಚಾವಣಿ ಹಾಕಿದ ಕೊಳ

"ಕೇಳ್ರಪ್ಪೋ ಕೇಳಿ! ಚೆಂಗರಾಯ ದೊರೆಗಳು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ಕೊರಳಿಗೆ ಕಲ್ಲು ಕಟ್ಟಿ ಅರಮನೆಯ ಕೊಳಕ್ಕೆ ನೂಕಲಾಗುತ್ತದೆ!"

ಡಂಗುರ ಕೇಳಿ, ಚಾವಣಿ ಹಾಕಿದ ಆ ಕೊಳದ ಮೆಟ್ಟಿಲು ಉಜ್ಜುವ ದ್ಯಾವಿ ಕೈಲಿದ್ದ ತೆಂಗಿನ ನಾರು ಬಿಸಾಕಿ ಎದ್ದಳು. ಕೊಳದ ಸಾವಿರ ಮೀನು ಸತ್ತ ದಿನ, ವಿಷ ಹಾಕಿದವನು ನೀನೇ ಎಂದು ಅವಳ ಅಣ್ಣ ಮುದ್ದನನ್ನು ಸೆರೆಗೆ ತಳ್ಳಿದ್ದರು. ಅಮಾವಾಸ್ಯೆಗೆ ಅವನ ತಲೆ ಹೋಗುವುದಿತ್ತು. ಅವಳಿಗೆ ಬೇಡುವುದಕ್ಕಿದ್ದದ್ದು ಅದೊಂದೇ ಜೀವ.

ಅವಳಿಗಿಂತ ಮೊದಲು ಇಬ್ಬರು ನಿಂತಿದ್ದರು. ಪಕ್ಕದ ನಾಡಿನ ರಾಜಕುಮಾರನನ್ನು ದೊರೆ ಕೇಳಿದ: "ಒಲೆಯಿಲ್ಲ, ಸೌದೆಯಿಲ್ಲ, ಉಣ್ಣಲು ಬಾಯೂ ಇಲ್ಲ. ಆದರೂ ದಿನಾ ತನ್ನ ಅಡುಗೆ ತಾನೇ ಮಾಡಿಕೊಳ್ಳುವುದು ಯಾವುದು?"

"ಭೂಮಿತಾಯಿ," ಎಂದ ರಾಜಕುಮಾರ.

ಮೊದಲೆರಡು ಒಗಟಿನ ಉತ್ತರವನ್ನು ತೀರಿಹೋದ ರಾಜಗುರು ಓಲೆಯಲ್ಲಿ ಬರೆದಿಟ್ಟಿದ್ದ. ಅದರಲ್ಲಿ ಹಾಗಿರಲಿಲ್ಲ. ಪಾಪ, ಹುಡುಗ ಅಮ್ಮಾ ಎನ್ನುತ್ತಲೇ ಮುಳುಗಿದ. ದೊರೆ ಎಲೆಯಡಿಕೆ ಮೆಲ್ಲುತ್ತ ನೀರ ಮೇಲೆದ್ದ ಗುಳ್ಳೆ ನೋಡಿದ.

ಆಸ್ಥಾನದ ಪಂಡಿತನಿಗೆ ಎರಡನೆಯದು ಬಿತ್ತು: "ನನ್ನ ತಟ್ಟೆಗೆ ಬರುವ ಮೀನಿಗೆ ಮೂಲದಲ್ಲಿ ಅನ್ನವಿಕ್ಕಿದವರು ಯಾರು?"

"ತಾವೇ ಮಹಾಪ್ರಭು!"

ಹೊಗಳಿಕೆ ದೊರೆಗೆ ಬಹಳ ಹಿಡಿಸಿತು. ಆದರೂ ಕಲ್ಲು ಕಟ್ಟಿಸಿದ.

ದ್ಯಾವಿ ಮುಂದೆ ಬಂದು ಕೈಮುಗಿದಳು. "ಎರಡಕ್ಕೂ ಉತ್ತರ ಒಂದೇ ಬುದ್ಧಿ, ನೀರಿನ ಹಸಿರು ಪಾಚಿ. ಬೊಗಸೇಲಿ ಎತ್ತಿ ನೋಡಿದ್ರೆ ಹಸಿರು ಪುಡಿ ಕದಡಿದಂಗಿರ್ತದೆ. ಒಂದೊಂದು ಕಣನೂ ಒಂದೊಂದು ಜೀವ. ಬಾಯಿಲ್ಲ, ಹೊಟ್ಟೆಯಿಲ್ಲ. ಬಿಸಿಲೇ ಅದರ ಬೆಂಕಿ. ನೀರು, ಗಾಳಿ ಸೇರಿಸಿ ಅನ್ನ ಮಾಡ್ಕೊಳ್ತದೆ. ಅದನ್ನ ನೀರುಹುಳ ತಿಂತದೆ, ಹುಳನ ಸಣ್ಣ ಮೀನು, ಅದನ್ನ ದೊಡ್ಡ ಮೀನು. ದೊಡ್ಡದು ತಮ್ಮ ತಟ್ಟೆಗೆ."

ದೊರೆ ಓಲೆ ನೋಡಿ ಮುಖ ಸಿಂಡರಿಸಿದ. "ಸರಿ. ನನಗೂ ಗೊತ್ತಿಲ್ಲದ್ದು ಮೂರನೆಯದು. ಸೆರೆಯಲ್ಲಿರುವವನು ತಾನಲ್ಲ ಅನ್ನುತ್ತಾನೆ. ನನ್ನ ಮೀನು ಕೊಂದವರು ಯಾರು?"

"ಒಂದು ದಿನ ಕೊಡಿ ಬುದ್ಧಿ. ಎರಡು ಗಡಿಗೇನೂ ಕೊಡ್ಸಿ. ಕಣ್ಣಾರೆ ತೋರಿಸ್ತೀನಿ."

ಊರ ಕೆರೆಯ ಹಸಿರು ನೀರು ತುಂಬಿ ಒಂದೊಂದರಲ್ಲೂ ಒಂದು ಮೀನು ಬಿಟ್ಟಳು. ಒಂದು ಗಡಿಗೆಯನ್ನು ಬಿಸಿಲಲ್ಲಿ ತೆರೆದಿಟ್ಟಳು, ಇನ್ನೊಂದಕ್ಕೆ ಗಾಳಿಗೆ ಸಂದು ಬಿಟ್ಟು ಹಲಗೆ ಮುಚ್ಚಿ ಕಂಬಳಿ ಹೊದಿಸಿದಳು. ಮಾರನೆಯ ಮಧ್ಯಾಹ್ನ ತೆಗೆದು ನೋಡಿದರೆ ಮುಚ್ಚಿದ್ದರಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ತೆರೆದದ್ದರಲ್ಲಿ ಆಡುತ್ತಿತ್ತು.

"ಅಡುಗೆ ಮಾಡ್ತಾ ಪಾಚಿ ನೀರಿಗೆ ಉಸಿರೂ ಕೊಡ್ತದೆ. ಕತ್ತಲಾದ್ರೆ ಉಸಿರು ನಿಲ್ತದೆ, ಪಾಚಿನೂ ಸಾಯ್ತದೆ. ಹದ್ದು ಮೀನು ಕದೀತದೆ ಅಂತ ಕೊಳಕ್ಕೆ ಚಾವಣಿ ಹಾಕಿಸ್ದೋರು ತಾವು. ಕೊಂದೋರೂ ತಾವೇ ಬುದ್ಧಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲಾ ಹೆಣ್ಣೇ, ಗೆದ್ದೆ! ಏನು ಬೇಕು?"

"ನಮ್ಮಣ್ಣನ ಜೀವ."

"ಕೊಟ್ಟೆ."

ದೊರೆಯ ಅಪ್ಪಣೆಯಂತೆ ಆಗಲೇ ನೂರು ಆಳು ಸೇರಿ ಚಾವಣಿ ಕಿತ್ತರು. ಕೊಳದ ಮೇಲೆ ಬಿಸಿಲು ಬಿತ್ತು. ಆಮೇಲೆ ಮುದ್ದನನ್ನು ತಂದು ನಿಲ್ಲಿಸಿದರು. ಅವನ ಕಣ್ಣಿಗೆ ರಕ್ತದ ಬಟ್ಟೆ ಸುತ್ತಿತ್ತು.

"ನಿನ್ನೆ ಸಂಜೆ ಕಣ್ಣು ಕೀಳಿಸಿದೆ, ವಿಷ ಹಾಕಿದವನು ಅಂದುಕೊಂಡು," ಎಂದ ದೊರೆ. "ನನಗೇನು ಗೊತ್ತಿತ್ತು? ಒಂದು ದಿನ ತಡಿ ಅಂದವಳು ನೀನೇ ಅಲ್ಲವೇ?"

ದ್ಯಾವಿಗೆ ಅಳುವೂ ಬರಲಿಲ್ಲ. ಹೋಗಿ ಅಣ್ಣನ ತೋಳು ಹಿಡಿದಳು.

"ಮೈ ಬೆಚ್ಚಗಾಗ್ತದಲ್ಲೇ ದ್ಯಾವಿ. ಬಿಸಿಲದಾ?"

"ಅದೆ ಕಣಣ್ಣ," ಎಂದಳು. "ಮುಂದೆ ಮೆಟ್ಲು. ಕಾಲು ಇಡು, ನಾನು ಹೇಳ್ತೀನಿ."