ಕರು ಕುಡಿದ ಮೇಲೇ ನಮಗೆ

ರೇವಣ್ಣ ತನ್ನ ದನದ ಫಾರಂನ ವಿಡಿಯೊ ದಿನಾ ಹಾಕುವವನು. ಕರು ಕೆಚ್ಚಲಿಗೆ ಬಾಯಿ ಹಾಕಿದ ಕೂಡಲೇ ಎಳೆದು ಕಟ್ಟಿಸುವವನೂ ಅವನೇ.

ಒಂದು ಬೆಳಿಗ್ಗೆ, ಹಾಲು ಕರೆಯುವ ತಿಪ್ಪಮ್ಮನಿಗೆ ಅಪ್ಪಣೆಯಾಯಿತು. "ಕರು ಬಿಡು. 'ಇಲ್ಲಿ ಕರು ಕುಡಿದ ಮೇಲೇ ನಮಗೆ' ಅಂತ ಮೊಬೈಲ್ ನೋಡ್ಕೊಂಡು ಹೇಳು."

ತಿಪ್ಪಮ್ಮ ಕರು ಬಿಟ್ಟಳು. ಅರ್ಧ ಮಾತಿಗೆ ಸೀನಿದಳು. "ಇನ್ನೊಂದ್ಸಲ ತೆಗೀರಿ ಯಜಮಾನ್ರೆ." ಮುಂದಿನ ಸಲ ಮಾತು ಮರೆತಳು. ಆಮೇಲೆ ನಕ್ಕೇಬಿಟ್ಟಳು. ಅಷ್ಟೂ ಹೊತ್ತು ಕರು ಕೆಚ್ಚಲು ಬಿಡಲಿಲ್ಲ.

ವಿಡಿಯೊ ಮುಗಿದಾಗ ಬಕೆಟ್ಟಿಗೆ ಬಿದ್ದದ್ದು ನಾಲ್ಕು ಹನಿ.

"ಡೈರಿಗೆ ಏನು ಹಾಕ್ಲಿ?" ರೇವಣ್ಣ ಕೂಗಾಡಿದ.

"ನೀವು ಹೇಳ್ಸಿದ್ದೇ ಆಯ್ತಲ್ಲ ಯಜಮಾನ್ರೆ. ಅದು ಕುಡೀತು, ನಮಗೆ ಉಳೀಲಿಲ್ಲ."

ವಿಡಿಯೊ ಎಲ್ಲರಿಗೂ ಹಿಡಿಸಿತು. ಕರು ಮಾರನೆಯ ದಿನ ಮತ್ತೆ ಗೂಟಕ್ಕೆ.

ಈಗ ಯಾರು ಮೊಬೈಲ್ ಎತ್ತಿ ಹಿಡಿದರೂ ಕುಡಿಯಲು ಬಿಡುತ್ತಾರೆಂದು ಕರು ಹಗ್ಗ ಜಗ್ಗುತ್ತದೆ. ತಿಪ್ಪಮ್ಮ ತನ್ನ ಮೊಬೈಲನ್ನು ಮನೆಯಲ್ಲೇ ಇಟ್ಟು ಬರುತ್ತಾಳೆ.