ಒರೆಸದೆ ಬಿಟ್ಟ ಎಂಜಲು

"ಕೇಳಿರಪ್ಪೋ ಕೇಳಿರಿ! ರಾಜಕುಮಾರಿ ನಾಗಲೆಯ ಮೂರು ಒಗಟು ಬಿಡಿಸಿದವರು ಬೇಡಿದ್ದು ಪಡೆಯುವರು. ತಪ್ಪಿದವರ ತಲೆ ಹೋಗುವುದು! ಯಾರೂ ಬಿಡಿಸದಿದ್ದರೆ ನಾಳೆ ಹಲ್ಲುಗಾರ ಕಾಳೋಜನಿಗೆ ಗಲ್ಲು!"

ಡಂಗುರ ಕೇಳಿ ಬೈರ ಕೈಲಿದ್ದ ಕೆಲಸ ಬಿಟ್ಟು ಎದ್ದ. ಅವನು ಕಾಳೋಜನ ಶಿಷ್ಯ. ಮುರಿದ ಹಲ್ಲಿನ ಮೇಲೆ ಬೆಳಕಿನ ಕಡ್ಡಿ ಆಡಿಸಿದರೆ ಅದರ ರೂಪ ಕನ್ನಡಿಯಲ್ಲಿ ಮೂಡುತ್ತಿತ್ತು. ಅದನ್ನು ನೋಡಿ ಗುರು ಆ ಹಲ್ಲಿಗೆ ತೊಡಿಸುವ ಚಿನ್ನದ ಟೊಪ್ಪಿಗೆ ಮಾಡುತ್ತಿದ್ದ. ನಾಗಲೆಯ ಟೊಪ್ಪಿಗೆ ಸರಿಯಾಗಿ ಕೂರಲಿಲ್ಲ. ಒಸಡು ಕೀವುಗಟ್ಟಿ ತಿಂಗಳುಗಟ್ಟಲೆ ಅವಳಿಗೆ ಗಂಜಿಯೇ ಗತಿಯಾಯಿತು. ಅರಸನ ಸಿಟ್ಟು ಗುರುವಿನ ಮೇಲೆ ಬಿತ್ತು.

ಆದರೆ ಅಂದು ಕಡ್ಡಿ ಆಡಿಸಿದ್ದು ಬೈರ. "ಹಲ್ಲು ಒಣಗಿತೇನೋ?" ಎಂದು ಗುರು ಕೇಳಿದಾಗ, ನೋಡದೆಯೇ "ಹೂಂ" ಅಂದಿದ್ದ. ಆ ಹೂಂ ಈಗ ಅವನನ್ನು ಅರಮನೆಗೆ ಎಳೆದುತಂದಿತು.

ನಾಗಲೆ ಕೇಳಿದಳು: "ಒಂದು ಮನೆ ದಾಟಿದರೆ ಕೂದಲೆಳೆಯಷ್ಟು ತಪ್ಪು, ಬೀದಿಯೆಲ್ಲ ದಾಟಿದರೆ ಬೇರೆ ಊರಿಗೇ ಒಯ್ಯುವ ನಡಿಗೆ ಯಾವುದು?"

"ಕುಡುಕನದು!" ಎಂದು ಒಗಟು ಬಿಡಿಸಲು ಬಂದಿದ್ದ ಒಬ್ಬ ರಾಜಕುಮಾರ ನಕ್ಕ. ನಾಳೆ ತಲೆ ಕಡಿಯಲೆಂದು ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

"ಬೆಳಕಿನ ಕಡ್ಡಿಯದು, ಅಮ್ಮಣ್ಣಿ," ಅಂದ ಬೈರ. "ಅದು ಚೂರು ಚೂರು ಚಿತ್ರ ಹೊಲಿದು ಕೂಡಿಸುತ್ತದೆ. ಒಂದು ಹಲ್ಲಿಗೆ ಸರಿ. ದವಡೆಯ ಆ ತುದಿಗೆ ಹೋಗುವಷ್ಟರಲ್ಲಿ ಸಣ್ಣ ತಪ್ಪೆಲ್ಲ ಸೇರಿ ದೊಡ್ಡದಾಗುತ್ತದೆ."

"ಹತ್ತು ಸಲ ಕೇಳಿದರೂ ಮಾತು ಬದಲಿಸದ, ಆದರೂ ನಿಜ ಹೇಳದ ಸಾಕ್ಷಿ ಯಾರು?"

"ಗಿಳಿ," ಎಂದ ಇನ್ನೊಬ್ಬ ರಾಜಕುಮಾರನೂ ಸೆರೆಮನೆ ಸೇರಿದ.

"ಕನ್ನಡಿಯ ಚಿತ್ರ," ಅಂದ ಬೈರ. " ಹತ್ತು ಸಲವೂ ಒಂದೇ ಥರ ಬಂದ ಮಾತ್ರಕ್ಕೆ ಅದು ಹಲ್ಲಿನ ಹಾಗೇ ಇರಬೇಕಿಲ್ಲ."

"ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ಕೊಲೆ. ಏನದು?"

ಬೈರ ಮುಂದೆ ಬಂದು ಕೈಮುಗಿದ. "ಎಂಜಲು. ಒದ್ದೆಯ ಮೇಲೆ ಬಿದ್ದ ಬೆಳಕು ದಾರಿ ತಪ್ಪುತ್ತದೆ. ಒರೆಸಬೇಕಾದವನು ನಾನು. ಇನ್ನೊಬ್ಬರ ಎಂಜಲು ಅಂತ ಹೇಸಿದೆ. ಆಮೇಲೆ ಸುಳ್ಳೂ ಹೇಳಿದೆ. ಗುರುವನ್ನು ಬಿಡಿ, ಆ ಹಗ್ಗ ನನ್ನದು."

"ಈ ಒಗಟುಗಳು ನಿನ್ನ ಗುರುವಿನವೇ," ಅಂದಳು ನಾಗಲೆ. "ತಪ್ಪು ಯಾರದೆಂದು ಸೆರೆಮನೆಯಲ್ಲಿ ಎಷ್ಟು ಕೇಳಿದರೂ ಹೆಸರು ಹೇಳಲಿಲ್ಲ. ಬಿಡಿಸಿದವನೇ ಹೇಳಲಿ ಎಂದು ಇವನ್ನು ಕೊಟ್ಟ."

ಗುರುವಿಗೆ ಎಲ್ಲ ಗೊತ್ತಿತ್ತು.

ಅರಸ ಕಾಳೋಜನನ್ನೂ ರಾಜಕುಮಾರರನ್ನೂ ಬಿಡಿಸಿದ. ತಪ್ಪು ತಾನೇ ಒಪ್ಪಿಕೊಂಡವನಿಗೆ ಹಗ್ಗವಿಲ್ಲ, ಇನ್ನು ಬೈರನೇ ಅರಮನೆಯ ಹಲ್ಲುಗಾರ ಎಂದು ಸಾರಿದ. ಕಾಳೋಜ ಶಿಷ್ಯನ ಕೈಗೆ ಒಂದು ಹಿಡಿ ಹತ್ತಿ ಇಟ್ಟ. ಹೊಸ ಟೊಪ್ಪಿಗೆಗೆಂದು ಬೈರ ನಾಗಲೆಯ ಹಲ್ಲು ಒರೆಸಿದ.

"ಒಣಗಿತೇನೋ?"

ಬೈರ ದೀಪ ಹತ್ತಿರ ತಂದು ಬಗ್ಗಿ ನೋಡಿದ.

"ಇಲ್ಲ ಗುರುಗಳೇ. ಇನ್ನೊಂದು ಸಲ ಒರೆಸ್ತೀನಿ."